ಗಾಲಿ ಮತ್ತು ಹಳಿಗಳ ಸವೆತ

ಗಾಲಿ ಮತ್ತು ಹಳಿಗಳ ಸವೆತ ಎಂದರೆ ಹಳಿಯೂ ಅದರ ಮೇಲೆ ಉರುಳುವ ಗಾಲಿಯೂ ಪರಸ್ಪರ ಘರ್ಷಣೆಯಿಂದ ಕ್ರಮೇಣ ತೇಯುವುದು. ಇದನ್ನು ಪೂರ್ತಿಯಾಗಿ ತಡೆಯಲಾಗದು. ಆದರೆ ಆಗಾಗ ಅಳೆದು ನೋಡಿ, ಮಿತಿ ಮೀರುವ ಮೊದಲೇ ಸರಿಪಡಿಸಬಹುದು.

ರೈಲ್ವೆಯಲ್ಲಿ

ಬೆಂಗಳೂರಿನ ಯಲಹಂಕದಲ್ಲಿರುವ ರೈಲು ಗಾಲಿ ಕಾರ್ಖಾನೆಯು 1984ರಿಂದ ಭಾರತೀಯ ರೈಲ್ವೆಗೆ ಎರಕದ ಉಕ್ಕಿನ ಗಾಲಿಗಳನ್ನು ತಯಾರಿಸುತ್ತಿದೆ. ಗಾಲಿಯ ಒಳ ಅಂಚಿನಲ್ಲಿ ಚಾಚಿಕೊಂಡಿರುವ ಭಾಗವನ್ನು ಫ್ಲ್ಯಾಂಜ್ ಎನ್ನುತ್ತಾರೆ. ಗಾಲಿಯು ಹಳಿ ತಪ್ಪದಂತೆ ಕಾಯುವುದು ಇದೇ. ತಿರುವುಗಳಲ್ಲಿ ಹಳಿಯ ಪಾರ್ಶ್ವಕ್ಕೆ ಉಜ್ಜಿ ಇದು ತೆಳುವಾಗುತ್ತದೆ. ಬ್ರೇಕ್ ಬಿಗಿದಾಗ ತಿರುಗದೆ ಜಾರಿದ ಗಾಲಿಯು ಒಂದು ಕಡೆ ಚಪ್ಪಟೆಯಾಗಿ, ಪ್ರತಿ ಸುತ್ತಿಗೂ ಹಳಿಯನ್ನು ಬಡಿಯುತ್ತದೆ. ಇದರಿಂದ ಹಳಿ ಬಿರುಕು ಬಿಡುವ ಅಪಾಯವಿದೆ. ಪ್ರಯಾಣಿಕರ ಬೋಗಿಗಳಲ್ಲಿ ಈ ಚಪ್ಪಟೆ ಭಾಗದ ಉದ್ದ 50 ಮಿ.ಮೀ. ಮೀರುವಂತಿಲ್ಲ.

ಸಿಬ್ಬಂದಿಯು ಗೇಜುಗಳಿಂದ ಗಾಲಿಯ ಆಕಾರವನ್ನು ಅಳೆಯುತ್ತಾರೆ. ಹಳಿಗೆ ಜೋಡಿಸಿದ ಸಂವೇದಕಗಳು ಓಡುವ ರೈಲಿನ ಗಾಲಿಗಳ ಹೊಡೆತದ ಬಲವನ್ನು ದಾಖಲಿಸುತ್ತವೆ. ಸವೆದ ಗಾಲಿಯನ್ನು ಲೇತ್ ಯಂತ್ರದಲ್ಲಿ ತರಿದು ಮೂಲ ಆಕಾರಕ್ಕೆ ತರಲಾಗುತ್ತದೆ. ಪ್ರತಿ ಬಾರಿಯೂ ವ್ಯಾಸ ಕುಗ್ಗುವುದರಿಂದ, ಕನಿಷ್ಠ ಮಿತಿ ತಲುಪಿದ ಗಾಲಿಯನ್ನು ಬದಲಾಯಿಸಬೇಕಾಗುತ್ತದೆ.

ಕ್ಲೀನ್‌ರೂಮ್‌ಗಳಲ್ಲಿ

ಅರೆವಾಹಕ ಚಿಪ್‌ಗಳನ್ನು ತಯಾರಿಸುವ ಧೂಳುರಹಿತ ಕೊಠಡಿಗಳಲ್ಲಿ, ಚಾವಣಿಗೆ ತೂಗುಹಾಕಿದ ಹಳಿಗಳ ಮೇಲೆ ಸ್ವಯಂಚಾಲಿತ ವಾಹನಗಳು ಸಿಲಿಕಾನ್ ಬಿಲ್ಲೆಗಳ ಪೆಟ್ಟಿಗೆಗಳನ್ನು ಸಾಗಿಸುತ್ತವೆ. ಇಲ್ಲಿ ಸವೆತದಿಂದ ಉದುರುವ ಕಣಗಳೇ ಹಾನಿಕರ. ಐಎಸ್‌ಒ ಮಾನದಂಡದ 1ನೇ ದರ್ಜೆಯ ಕೊಠಡಿಯಲ್ಲಿ, ಒಂದು ಘನ ಮೀಟರ್ ಗಾಳಿಯಲ್ಲಿ 0.1 ಮೈಕ್ರೋಮೀಟರ್ ಅಥವಾ ಅದಕ್ಕಿಂತ ದೊಡ್ಡ ಕಣಗಳು 10ಕ್ಕಿಂತ ಹೆಚ್ಚಿರಬಾರದು. ಆದ್ದರಿಂದ ಕಂಪನ, ಮೋಟಾರಿನ ವಿದ್ಯುತ್ ಬಳಕೆ ಮತ್ತು ಗಾಳಿಯಲ್ಲಿನ ಕಣಗಳ ಸಂಖ್ಯೆಯನ್ನು ಗಮನಿಸಿ ಸವೆತವನ್ನು ಆರಂಭದಲ್ಲಿಯೇ ಗುರುತಿಸಲಾಗುತ್ತದೆ.