ಶೂಲ್ಯವೂ ಪಾನಕವೂ: ಪ್ರಾಚೀನರ ವನಭೋಜನ

ಪರ್ವದಿನಗಳಲ್ಲಿ ಊರ ಹೊರಗಣ ತೋಪಿಗೋ ನದೀತೀರಕ್ಕೋ ಬಂಧುಮಿತ್ರರೊಡನೆ ಹೋಗಿ, ಬಯಲಿನಲ್ಲಿಯೇ ಒಲೆ ಹೂಡಿ, ಕೆಂಡದ ಮೇಲೆ ಸುಟ್ಟುದನ್ನು ತಿಂದು, ಇಷ್ಟವಾದ ಪಾನೀಯಗಳನ್ನು ಕುಡಿದು ಸಂಜೆಗೆ ಮರಳುವ ಪದ್ಧತಿಯು ಪಾಶ್ಚಾತ್ಯರಿಂದ ಬಂದ ನೂತನ ವಿಲಾಸವೆಂದು ಕೆಲವರು ತಿಳಿದಿರುವರು. ಮತ್ತೆ ಕೆಲವರು, ನಮ್ಮ ಪೂರ್ವಿಕರಲ್ಲಿ ಇಂತಹ ವಿನೋದಗಳಿದ್ದುವೆಂದು ಹೇಳುವುದೇ ಅವರಿಗೆ ಕಳಂಕವೆಂದು ಭಾವಿಸುವರು. ಈ ಎರಡು ಅಭಿಪ್ರಾಯಗಳೂ ಗ್ರಂಥಾವಲೋಕನದ ಮುಂದೆ ನಿಲ್ಲಲಾರವು.

ಮೊದಲು ಶಬ್ದಗಳನ್ನೇ ವಿಚಾರಿಸಬಹುದು. ಜನರಲ್ಲಿ ಬಳಕೆಯಿಲ್ಲದ ವಸ್ತುವಿಗೆ ವೈಯಾಕರಣರು ಸೂತ್ರವನ್ನು ರಚಿಸುವುದಿಲ್ಲ. ಸಂಸ್ಕರಿಸಿದ ಭಕ್ಷ್ಯಗಳನ್ನು ಹೇಳುವ ಪ್ರಕರಣದಲ್ಲಿ ಪಾಣಿನಿಯು ಶೂಲ, ಉಖಾ ಎಂಬ ಎರಡು ಶಬ್ದಗಳನ್ನು ಒಟ್ಟಿಗೆ ತೆಗೆದುಕೊಂಡು ಪ್ರತ್ಯಯವನ್ನು ವಿಧಿಸಿರುವನು. ಶೂಲಕ್ಕೆ ಚುಚ್ಚಿ ಸುಟ್ಟುದು ಶೂಲ್ಯ. ಗಡಿಗೆಯಲ್ಲಿ ಬೇಯಿಸಿದುದು ಉಖ್ಯ. ಶೂಲದಲ್ಲಿ ಪಾಕಮಾಡುವ ಕ್ರಿಯೆಯನ್ನು ಹೇಳುವುದಕ್ಕಾಗಿಯೇ ಐದನೆಯ ಅಧ್ಯಾಯದಲ್ಲಿ ಇನ್ನೊಂದು ಸೂತ್ರವಿದೆ. ಅಮರಸಿಂಹನು ತನ್ನ ಕೋಶದಲ್ಲಿ ಶೂಲಾಕೃತ, ಭಟಿತ್ರ, ಶೂಲ್ಯ ಎಂಬ ಮೂರು ಪರ್ಯಾಯಗಳನ್ನು ಕೊಟ್ಟಿರುವನು. ಕೆಂಡದ ಅಡಿಗೆಗೂ ಗಡಿಗೆಯ ಅಡಿಗೆಗೂ ಇರುವ ಭೇದವು ಆ ಕಾಲದ ಜನರಿಗೆ ಎಷ್ಟು ಪರಿಚಿತವಾಗಿದ್ದಿತೆಂಬುದು ಇದರಿಂದ ವಿದಿತವಾಗುತ್ತದೆ.

ಇನ್ನು ವಿನೋದದ ಸ್ವರೂಪವನ್ನು ವಾತ್ಸ್ಯಾಯನನು ಹೇಳಿರುವನು. ನಾಗರಿಕನ ಸಾಮಾಜಿಕ ವಿನೋದಗಳಲ್ಲಿ ಸಮಾಪಾನಕ, ಉದ್ಯಾನಗಮನ, ಸಮಸ್ಯಾಕ್ರೀಡೆ ಎಂಬುವು ಸೇರಿವೆ. ಬೆಳಗಿನಲ್ಲಿಯೇ ಅಲಂಕರಿಸಿಕೊಂಡು ಕುದುರೆಗಳನ್ನೇರಿ ಪರಿವಾರದೊಡನೆ ಉದ್ಯಾನಕ್ಕೆ ಹೋಗಿ, ಕೋಳಿಗಳ ಕಾಳಗ, ದ್ಯೂತ, ನಾಟ್ಯಗಳಿಂದ ಹೊತ್ತು ಕಳೆದು, ಅಪರಾಹ್ಣದಲ್ಲಿ ಉದ್ಯಾನದ ಹೂವನ್ನೋ ಚಿಗುರನ್ನೋ ಗುರುತಾಗಿ ಧರಿಸಿ ಮರಳತಕ್ಕದ್ದು. ಪಾನಗೋಷ್ಠಿಯಲ್ಲಿ ಮಧು, ಮೈರೇಯ, ಸುರೆ, ಆಸವಗಳೊಡನೆ ಉಪ್ಪು, ಹಣ್ಣು, ಹಸಿಯ ಸೊಪ್ಪು, ಕಹಿ, ಖಾರ, ಹುಳಿ ಪದಾರ್ಥಗಳನ್ನು ನಂಜಿಕೊಳ್ಳಲು ಕೊಡಬೇಕು. ಸಮಸ್ಯಾಕ್ರೀಡೆಗಳ ಪಟ್ಟಿಯಲ್ಲಿ ಅಭ್ಯೂಷಖಾದಿಕಾ ಎಂಬ ಹೆಸರೊಂದಿದೆ. ಎಳೆಯ ಫಲಧಾನ್ಯಗಳನ್ನು ಬೆಂಕಿಯಲ್ಲಿ ಸುಟ್ಟು ಅಲ್ಲಿಯೇ ಎಲ್ಲರೂ ಕೂಡಿ ತಿನ್ನುವುದೇ ಆ ಆಟ. ಇದರ ಮಾತು ಮುಂದೆ ಬರುವುದು.

ಇಂತಹ ದಿನಗಳಲ್ಲಿ ಜನರು ಕುಡಿಯುವರೆಂಬುದನ್ನು ರಾಜನೀತಿಜ್ಞನೂ ಅರಿತಿದ್ದನು. ಕೌಟಿಲ್ಯನ ಅರ್ಥಶಾಸ್ತ್ರವನ್ನು ಮೈಸೂರಿನ ಓಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದರು. ಅದರ ಸುರಾಧ್ಯಕ್ಷ ಪ್ರಕರಣದಲ್ಲಿ ಮದ್ಯದ ತಯಾರಿಕೆ ಮಾರಾಟಗಳೆಲ್ಲವೂ ಅರಸನ ಅಧೀನದಲ್ಲಿರಬೇಕೆಂದು ವಿಧಿಸಿ, ಆದರೆ ಉತ್ಸವ, ಸಮಾಜ, ಯಾತ್ರೆಗಳಲ್ಲಿ ನಾಲ್ಕು ದಿನಗಳ ಮಟ್ಟಿಗೆ ಅನುಮತಿಯನ್ನು ಕೊಡಬಹುದೆಂದು ಹೇಳಿದೆ. ಗೃಹಸ್ಥರು ಮನೆಯ ವಿಶೇಷ ಕಾರ್ಯಗಳಲ್ಲಿ ಶ್ವೇತಸುರೆಯನ್ನು ಮಾಡಿಕೊಳ್ಳಬಹುದು. ಅನುಮತಿಯಿಲ್ಲದೆ ಮಾಡಿದವರಿಗೆ ದಿನದ ಲೆಕ್ಕದಲ್ಲಿ ದಂಡವಿದೆ. ಪೂರ್ಣ ನಿಷೇಧವೂ ಅಲ್ಲ, ಪೂರ್ಣ ಸ್ವಾತಂತ್ರ್ಯವೂ ಅಲ್ಲ. ಹಬ್ಬಕ್ಕೊಂದು ಮೇರೆಯನ್ನು ಹಾಕುವುದೇ ಆತನ ಮತ. ಅಶೋಕಚಕ್ರವರ್ತಿಯಾದರೋ ತನ್ನ ಮೊದಲನೆಯ ಶಿಲಾಶಾಸನದಲ್ಲಿ ಸಮಾಜಗಳನ್ನು ನಿಷೇಧಿಸಿ, ಅವುಗಳಲ್ಲಿಯೂ ಕೆಲವು ಒಳ್ಳೆಯವೆಂದು ಒಪ್ಪಿರುವನು. ಆತನ ಪಾಕಶಾಲೆಗಾಗಿ ನಡೆಯುತ್ತಲಿದ್ದ ಪ್ರಾಣಿವಧೆಯು ಎರಡು ನವಿಲುಗಳಿಗೂ ಒಂದು ಜಿಂಕೆಗೂ ಇಳಿದಿದ್ದಿತು. ಆ ಜಿಂಕೆಯೂ ನಿತ್ಯವಲ್ಲ.

ಬಯಲೂಟದ ಸವಿಸ್ತಾರವಾದ ಚಿತ್ರವು ದೊರೆಯುವುದು ಹರಿವಂಶದ ಪ್ರಚಲಿತ ಪಾಠದ ವಿಷ್ಣುಪರ್ವದಲ್ಲಿ. ಯಾದವರು ಸ್ತ್ರೀಪರಿವಾರದೊಡನೆ ದ್ವಾರಕೆಯಿಂದ ಹೊರಟು ಸಮುದ್ರತೀರದ ಪಿಂಡಾರಕ ತೀರ್ಥಕ್ಕೆ ಹೋಗುವರು. ಜಲಕ್ರೀಡೆಯಾದ ಬಳಿಕ ಪಾನಭೂಮಿಯಲ್ಲಿ ಊಟ. ಶೂಲದ ಮೇಲೆ ಸುಟ್ಟ ದೊಡ್ಡ ತುಂಡುಗಳು, ಸುಡುತ್ತಿರುವಾಗಲೇ ಮೇಲೆ ತುಪ್ಪವನ್ನು ತೊಟ್ಟಿಕ್ಕಿಸಿದ ಎಳೆಯ ಕೋಣಗಳು, ಹುಳಿಯನ್ನೂ ಸೌವರ್ಚಲ ಲವಣವನ್ನೂ ಹಾಕಿದ ಭಕ್ಷ್ಯಗಳು, ಮೆಣಸಿನ ಪುಡಿ ಉದುರಿಸಿದ ಮಾಂಸಗಳು, ಅವುಗಳೊಡನೆ ಮೂಲಂಗಿ, ದಾಳಿಂಬೆ, ಶುಂಠಿ, ಇಂಗು. ಪಾನಕ್ಕೆ ಮೈರೇಯ, ಮಾಧ್ವೀಕ, ಸುರೆ, ಆಸವಗಳು. ಬಲರಾಮನಿಗೆ ಪ್ರಿಯವಾದುದು ಕಾದಂಬರಿ. ತುಪ್ಪವನ್ನು ತೊಟ್ಟಿಕ್ಕಿಸುವ ಮಾತನ್ನು ಬಲ್ಲವನೇ ಬರೆದಿರಬೇಕು. ಕೆಂಡದ ಒಣ ಶಾಖವು ಮೇಲ್ಮೈಯನ್ನು ಬೇಗನೆ ಒಣಗಿಸುತ್ತದೆ. ಜಿಡ್ಡು ಸವರದಿದ್ದರೆ ಒಳಗು ಬೇಯುವಷ್ಟರಲ್ಲಿ ಹೊರಗು ಬಿರುಸಾಗುವುದು. ಹುಳಿಯು ಮಾಂಸವನ್ನು ಮೃದುಗೊಳಿಸಿ ಕೊಬ್ಬಿನ ಭಾರವನ್ನು ನಾಲಗೆಗೆ ಹಗುರಮಾಡುವುದು.

ಆದರೆ ಆ ಪ್ರಕರಣದಲ್ಲಿ ಎಲ್ಲಕ್ಕಿಂತ ಗಮನಾರ್ಹವಾದುದು ಬೇರೆ. ಉದ್ಧವ, ಭೋಜ ಮೊದಲಾದ ಕುಡಿಯದವರೂ ಅದೇ ಸ್ಥಳದಲ್ಲಿಯೇ ಇದ್ದರು. ಅವರು ಶಾಕಗಳನ್ನೂ ಬಗೆಬಗೆಯ ತೊವ್ವೆಗಳನ್ನೂ ಪೇಯಗಳನ್ನೂ ಮೊಸರು ಹಾಲುಗಳನ್ನೂ ಸಂತೋಷದಿಂದ ಉಂಡರೆಂದು ಕವಿಯು ಹೇಳುವನು. ಅವರನ್ನು ಯಾರೂ ಹಾಸ್ಯಮಾಡಲಿಲ್ಲ, ಅವರೂ ಯಾರನ್ನೂ ಹಳಿಯಲಿಲ್ಲ. ಊಟವಾದ ಮೇಲೆ ಛಾಲಿಕ್ಯವೆಂಬ ಗಾಂಧರ್ವಗಾನವು ಎಲ್ಲರಿಗೂ ಒಂದೇ ಆಗಿದ್ದಿತು. ಈ ಭಾಗವನ್ನು ವಂಗದೇಶದ ಪಂಡಿತ ರಾಜೇಂದ್ರಲಾಲ ಮಿತ್ರರು 1872ರಲ್ಲಿ ಪ್ರಬಂಧರೂಪವಾಗಿ ಆಂಗ್ಲಭಾಷೆಯಲ್ಲಿ ಪ್ರಕಟಿಸಿ ವಿದ್ವಾಂಸರ ಗಮನಕ್ಕೆ ತಂದರು.

ಅದೇ ಯಾದವರ ಇನ್ನೊಂದು ಯಾತ್ರೆಯನ್ನು ಮಹಾಭಾರತದ ಮೌಸಲಪರ್ವವು ಹೇಳುತ್ತದೆ. ಋಷಿಶಾಪದ ಭಯದಿಂದ ದ್ವಾರಕೆಯಲ್ಲಿ ಮದ್ಯವನ್ನು ಮಾಡಬಾರದೆಂದೂ, ಮಾಡಿದವನನ್ನು ಬಾಂಧವರೊಡನೆ ಶೂಲಕ್ಕೇರಿಸುವುದೆಂದೂ ಆಹುಕನ ಹೆಸರಿನಲ್ಲಿ ಡಂಗುರವಾಯಿತು. ಆದರೂ ಪ್ರಭಾಸಕ್ಕೆ ಹೊರಟಾಗ ಭಕ್ಷ್ಯಗಳೂ ಮಾಂಸಗಳೂ ಮದ್ಯಗಳೂ ಜೊತೆಯಲ್ಲಿಯೇ ಹೋದುವು. ಬ್ರಾಹ್ಮಣರಿಗೆಂದು ಸಿದ್ಧವಾದ ಅನ್ನಕ್ಕೆ ಮದ್ಯವನ್ನು ಬೆರಸಿ ಕೋತಿಗಳಿಗೆ ಹಾಕಿದರು. ಕುಡಿತದ ನಡುವೆ ಸಾತ್ಯಕಿಯು ಕೃತವರ್ಮನನ್ನು, ನಿದ್ರಿಸುವವರನ್ನು ಕೊಂದವನೆಂದು ಹಂಗಿಸಿದನು, ಮಾತು ಕೈಗೆ ಬಂದಿತು, ಏರಕದ ಹುಲ್ಲೇ ಮುಸಲವಾಯಿತು, ಕುಲವು ನಾಶವಾಯಿತು. ಈ ಶಾಪವು ಹುಟ್ಟಿದ ಸ್ಥಳವು ಪಿಂಡಾರಕವೇ ಎಂದು ಭಾಗವತವು ಹೇಳುತ್ತದೆ. ಒಂದೇ ಜನ, ಒಂದೇ ಬಗೆಯ ಊಟ, ಒಂದೇ ಕಡಲತೀರ. ಒಂದೆಡೆ ಗಾನ, ಇನ್ನೊಂದೆಡೆ ಶವಗಳ ರಾಶಿ. ಭೇದವಿದ್ದುದು ಪಾತ್ರೆಯಲ್ಲಿ ಅಲ್ಲ, ಕುಳಿತವರ ಮನಸ್ಸಿನಲ್ಲಿ.

ವೈದ್ಯಶಾಸ್ತ್ರದ ನಿರ್ಣಯವೂ ಇದಕ್ಕೆ ಸಮೀಪವಾಗಿದೆ. ಚರಕಸಂಹಿತೆಯ ಮದಾತ್ಯಯ ಚಿಕಿತ್ಸೆಯಲ್ಲಿ ವಿಧಿ, ಮಾತ್ರೆ, ಕಾಲ, ಹಿತವಾದ ಅನ್ನ, ಬಲ ಇವುಗಳನ್ನನುಸರಿಸಿ ಸೇವಿಸಿದ ಮದ್ಯವು ಅಮೃತಸಮಾನವೆಂದೂ, ಇಲ್ಲವಾದರೆ ವಿಷಸಮಾನವೆಂದೂ ಹೇಳಿದೆ. ವಾತಪ್ರಕೃತಿಯವರಿಗೆ ಬೆಲ್ಲದ ಮತ್ತು ಹಿಟ್ಟಿನ ಮದ್ಯಗಳು, ಕಫಪಿತ್ತಾಧಿಕರಿಗೆ ದ್ರಾಕ್ಷಿಯ ಮತ್ತು ಜೇನಿನ ಮದ್ಯಗಳು ತಕ್ಕುವೆಂದು ವಿಭಾಗವಿದೆ. ಮನುವಾದರೋ ಗೌಡೀ, ಪೈಷ್ಟೀ, ಮಾಧ್ವೀ ಎಂಬ ಮೂರು ಸುರೆಗಳನ್ನೂ ದ್ವಿಜರಿಗೆ ವರ್ಜ್ಯಮಾಡಿರುವನು. ಒಬ್ಬರಿಗೆ ವಿಹಿತವಾದುದು ಇನ್ನೊಬ್ಬರಿಗೆ ನಿಷಿದ್ಧವಾಗಿದ್ದ ಸಮಾಜದಲ್ಲಿ ಎಲ್ಲರಿಗೂ ಸಲ್ಲುವ ಪಾನೀಯವನ್ನು ಆರಿಸುವುದು ಸಣ್ಣ ಕಾರ್ಯವೇನೂ ಅಲ್ಲ.

ಆ ಕಾರ್ಯವನ್ನು ಕನ್ನಡನಾಡಿನ ಅರಸನೊಬ್ಬನು ಸೊಗಸಾಗಿ ನಿರ್ವಹಿಸಿರುವನು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಭೂಲೋಕಮಲ್ಲ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸಕ್ಕೆ ಅಭಿಲಷಿತಾರ್ಥಚಿಂತಾಮಣಿಯೆಂದೂ ಹೆಸರು. ಅದರಲ್ಲಿ ಐದು ವಿಂಶತಿಗಳು, ನೂರು ಅಧ್ಯಾಯಗಳು. ಜ್ಯೋತಿಷ್ಯದ ಗಣನೆಗೆ ಶಕ 1051ನ್ನು, ಎಂದರೆ ಕ್ರಿ.ಶ. 1129ನ್ನು, ಹಿಡಿದಿರುವುದರಿಂದ ಗ್ರಂಥದ ಕಾಲವು ತಿಳಿಯುತ್ತದೆ. ಅನ್ನಭೋಗದಲ್ಲಿ ಭಡಿತ್ರಕವೆಂಬ ಭಕ್ಷ್ಯವಿದೆ. ಅಮರನ ಭಟಿತ್ರವೇ ಇದೆಂಬುದು ಸ್ಪಷ್ಟ. ಮಾಂಸದ ತುಂಡುಗಳಿಗೆ ಸಂಭಾರವನ್ನು ಕೂಡಿಸಿ ಶೂಲಕ್ಕೆ ಪೋಣಿಸಿ ಕೆಂಡದ ಮೇಲೆ ಸುಡುವ ಕ್ರಮವದು. ಯಕೃತ್ತನ್ನು ಅಡಕೆಯ ಪ್ರಮಾಣಕ್ಕೆ ಕತ್ತರಿಸಿ, ಕೆಂಡದಲ್ಲಿ ಸುಟ್ಟು, ಎಣ್ಣೆಯಲ್ಲಿ ಸಂಭಾರದೊಡನೆ ಹುರಿದು, ಮೊಸರಿನಲ್ಲಿಯೋ ಸಾಸಿವೆಯ ನೀರಿನಲ್ಲಿಯೋ ಹಾಕುವುದು ಮತ್ತೊಂದು. ಅಡಕೆಯ ಅಳತೆಯು ವ್ಯರ್ಥವಲ್ಲ. ತುಂಡುಗಳೆಲ್ಲ ಒಂದೇ ಗಾತ್ರದಲ್ಲಿದ್ದರೆ ಮಾತ್ರ ಒಂದೇ ಹದದಲ್ಲಿ ಬೇಯುವುವು.

ಪಾನೀಯಭೋಗಕ್ಕೆ ಸೋಮೇಶ್ವರನು ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಟ್ಟಿರುವನು. ಅಲ್ಲಿ ಮೊದಲ ಮರ್ಯಾದೆಯು ನೀರಿಗೆ. ಯಾವ ಋತುವಿನಲ್ಲಿ ಯಾವ ನೀರು ಹಿತವೆಂದು ಹೇಳಿ, ಹಗಲು ಸೂರ್ಯಕಿರಣಗಳಲ್ಲಿಯೂ ಇರುಳು ಚಂದ್ರಕಿರಣಗಳಲ್ಲಿಯೂ ಇರಿಸಿದ ಹಂಸೋದಕವನ್ನೂ, ಪಾದರಿ ಸಂಪಗೆಗಳಿಂದ ಪರಿಮಳಗೊಳಿಸಿದ ನೀರನ್ನೂ ವರ್ಣಿಸಿರುವನು. ನೀರಾದ ಬಳಿಕ ಪಾನಕಗಳು. ಮದ್ಯವು ಬರುವುದು ಬಹುದೂರದಲ್ಲಿ, ಐದನೆಯ ವಿಂಶತಿಯ ಕ್ರೀಡೆಗಳಲ್ಲಿ. ಭೂಧರಕ್ರೀಡೆ, ವನಕ್ರೀಡೆ, ತೋಯಕ್ರೀಡೆ, ಶಾದ್ವಲಕ್ರೀಡೆ, ಸಸ್ಯಕ್ರೀಡೆಗಳ ಸಾಲಿನಲ್ಲಿ ಮದಿರಾಪಾನಕ್ರೀಡೆಯೂ ಒಂದು. ನೀರು ಭೋಗದಲ್ಲಿ, ಮದಿರೆ ಆಟದಲ್ಲಿ. ನಿತ್ಯಕ್ಕೆ ಬೇಕಾದುದು ಯಾವುದು, ಎಂದೋ ಒಮ್ಮೆ ಸಲ್ಲುವುದು ಯಾವುದು ಎಂಬುದನ್ನು ಈ ವಿಭಾಗವೇ ಹೇಳುತ್ತದೆ. ಮುಂದೆ ಹದಿನಾರನೆಯ ಶತಮಾನದ ಆದಿಯಲ್ಲಿ ಜೈನಕವಿ ಮೂರನೆಯ ಮಂಗರಸನು ಕನ್ನಡದ ಸೂಪಶಾಸ್ತ್ರದಲ್ಲಿ ಮಾಂಸಮದ್ಯಗಳ ಸೋಂಕಿಲ್ಲದೆಯೇ ಭಕ್ಷ್ಯಗಳನ್ನೂ ಪಾನಕಗಳನ್ನೂ ಷಟ್ಪದಿಯಲ್ಲಿ ವರ್ಣಿಸಿ ಉದ್ಧವನ ಪಂಕ್ತಿಗೆ ತಕ್ಕ ಪಾಕಶಾಸ್ತ್ರವನ್ನು ಒದಗಿಸಿದನು.

ಅರಸರ ವನಕ್ರೀಡೆಗಳು ಅರಸರೊಡನೆಯೇ ಹೋದುವು. ಆದರೆ ವಾತ್ಸ್ಯಾಯನನ ಅಭ್ಯೂಷಖಾದಿಕೆಯು ಉತ್ತರ ಕರ್ನಾಟಕದ ಹೊಲಗಳಲ್ಲಿ ಇಂದಿಗೂ ಜೀವಂತವಾಗಿದೆ. ಜೋಳದ ತೆನೆಯಲ್ಲಿ ಕಾಳು ಇನ್ನೂ ಹಾಲುಗಾಳಾಗಿರುವಾಗ, ನೆಲದಲ್ಲಿ ಕುಳಿ ತೋಡಿ, ಕುಳ್ಳುಗಳ ಬೆಂಕಿಯನ್ನು ಮಾಡಿ, ಉರಿಯಾರಿದ ಬಳಿಕ ಬಿಸಿಬೂದಿಯಲ್ಲಿ ತೆನೆಗಳನ್ನು ಹುದುಗಿಸಿ, ಹದವಾಗಿ ಸುಟ್ಟು, ಉಜ್ಜಿ ಬಿಡಿಸಿದ ಸೀತನಿಯನ್ನು ಬೆಲ್ಲ, ಶೇಂಗಾಹಿಂಡಿ, ಮೊಸರುಗಳೊಡನೆ ತಿನ್ನುವರು. ಎಳ್ಳಮಾವಾಸ್ಯೆಯಂದು ಮನೆಮಂದಿಯೂ ನೆಂಟರೂ ಗಾಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂತಾಯಿಗೆ ಚರಗ ಚೆಲ್ಲಿ, ಸಜ್ಜೆಯ ಕಡುಬು, ರೊಟ್ಟಿ, ಪಲ್ಯಗಳನ್ನುಂಡು, ಬೀದರ ಕಲಬುರ್ಗಿಗಳ ಕಡೆಯಲ್ಲಿ ಅಂಬಲಿಯನ್ನು ಕುಡಿಯುವರು. ದಾರಿಯಲ್ಲಿ ಹೋಗುವ ಅಪರಿಚಿತನನ್ನೂ ಕರೆದು ಕುಳ್ಳಿರಿಸಿ ಉಣ್ಣಿಸುವುದುಂಟು.

ಬಯಲಿನ ಊಟಕ್ಕೆ ಬೇಕಾದ ವಿವೇಕವು ಈ ಗ್ರಂಥಗಳಲ್ಲಿಯೂ ಹೊಲಗಳಲ್ಲಿಯೂ ಒಂದೇ ಆಗಿದೆ: ಉರಿಯಲ್ಲಿ ಅಲ್ಲ, ಕೆಂಡದಲ್ಲಿ ಸುಡಬೇಕು, ಮೊದಲು ನೀರನ್ನು ಆರಿಸಬೇಕು, ಕುಡಿಯದವನ ಪಾತ್ರೆಯನ್ನು ಬರಿದಾಗಿ ಬಿಡಬಾರದು, ಹಳೆಯ ಹಗೆಯನ್ನು ಮನೆಯಲ್ಲಿಯೇ ಬಿಟ್ಟು ಹೋಗಬೇಕು. ಪಿಂಡಾರಕದಲ್ಲಿ ಇವೆಲ್ಲವೂ ಇದ್ದುವು. ಪ್ರಭಾಸದಲ್ಲಿ ಕಡೆಯದೊಂದು ಇರಲಿಲ್ಲ.