ಹಲಸೂರಿನಾಚೆಯ ಕಾಯ್ದೆ

ಹೊಸಕೋಟೆಯಿಂದ ಬೆಂಗಳೂರು ಪೇಟೆಗೆ ಹೊರಟ ಎತ್ತಿನ ಗಾಡಿ ಹಳೇ ಮದ್ರಾಸ್ ರಸ್ತೆ ಹಿಡಿದರೆ, ಪೇಟೆಗಿಂತ ಮೊದಲು ಸಿಗುತ್ತಿದ್ದುದು ಹಲಸೂರು. ಅಲ್ಲಿಗೆ ಮೈಸೂರು ಮಹಾರಾಜರ ಕಾಯ್ದೆ ನಿಂತುಹೋಗುತ್ತಿತ್ತು. ಜನ ‘ದಂಡು’ ಎಂದು ಕರೆಯುತ್ತಿದ್ದ, ಬ್ರಿಟಿಷರ ಕೈಯಲ್ಲಿದ್ದ ಆ ಸೀಮೆಯ ಪೊಲೀಸು ಬೇರೆ, ಕೋರ್ಟು ಬೇರೆ, ಮುನಿಸಿಪಾಲಿಟಿ ಬೇರೆ. ದಂಡನ್ನು ಹಾದು ಪೇಟೆ ಸೇರಿದರೆ ಮತ್ತೆ ಮಹಾರಾಜರ ಆಳ್ವಿಕೆ. ತರಕಾರಿ ಮೂಟೆ ಹೇರಿಕೊಂಡು ಬಂದ ರೈತ ಒಂದೇ ಬೆಳಗ್ಗೆ ಎರಡು ಸಲ ಗಡಿ ದಾಟುತ್ತಿದ್ದ. ಒಮ್ಮೆ ಕೈಬಿಟ್ಟ ರಾಜ್ಯ ಮರಳಿ ಬರುವಾಗ ಪೂರ್ತಿಯಾಗಿ ಬರಲಿಲ್ಲ ಎಂಬುದಕ್ಕೆ ಆ ಗಡಿಯೇ ಸಾಕ್ಷಿ.

ನಗರ ಸೀಮೆಯ ದಂಗೆಯ ನೆಪದಲ್ಲಿ 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಂಪನಿಯ ಪಾಲಾಯಿತು. ಕಮಿಷನರುಗಳ ಆಳ್ವಿಕೆ 50 ವರ್ಷ ನಡೆಯಿತು. ಮಹಾರಾಜರು ಅರ್ಜಿಯ ಮೇಲೆ ಅರ್ಜಿ ಬರೆದರು, 1865ರಲ್ಲಿ ದತ್ತು ತೆಗೆದುಕೊಂಡರು, 1868ರಲ್ಲಿ ರಾಜ್ಯವನ್ನು ಮರಳಿ ಕಾಣದೆಯೇ ಕಣ್ಣು ಮುಚ್ಚಿದರು. ಆಮೇಲೆ ಬಂದ 1876–78ರ ಬರ ಸಂಸ್ಥಾನದ ಸುಮಾರು 10 ಲಕ್ಷ ಜನರನ್ನು ನುಂಗಿತು. ಖಜಾನೆಯ ಮೇಲೆ 80 ಲಕ್ಷ ರೂಪಾಯಿ ಸಾಲ ಉಳಿಯಿತು. ಇಂಥ ರಾಜ್ಯವನ್ನು 1881ರ ಮಾರ್ಚ್ 25ರಂದು ಆ ದತ್ತುಪುತ್ರ, 18 ವರ್ಷದ ಚಾಮರಾಜೇಂದ್ರ ಒಡೆಯರಿಗೆ ಒಪ್ಪಿಸಲಾಯಿತು. ಸಿ. ರಂಗಾಚಾರ್ಲು ದಿವಾನರಾದರು. ಚೀಫ್ ಕಮಿಷನರಾಗಿದ್ದ ಗಾರ್ಡನ್ ಅದೇ ದಿನದಿಂದ ರೆಸಿಡೆಂಟರಾದರು.

ಪಟ್ಟಾಭಿಷೇಕದ ವೈಭವವನ್ನು ಬಣ್ಣಿಸಿದವರು ಬೇಕಾದಷ್ಟು ಮಂದಿ ಇದ್ದಾರೆ. ನನ್ನ ಮನಸ್ಸು ಮಾತ್ರ ವೈಸರಾಯ್ ರಿಪ್ಪನ್ ಸಹಿ ಹಾಕಿದ ಹಸ್ತಾಂತರ ಪತ್ರದ ಕಡೆಗೇ ಹೋಗುತ್ತದೆ. ಒಂದು ನಾಡು ತನ್ನ ಹಳೆಯ ಸ್ಥಾನಕ್ಕೆ ಮರಳಿದರೆ, ನಡುವಿನ 50 ವರ್ಷಗಳ ಕಾನೂನು ಏನಾಗಬೇಕು? ಅದೆಲ್ಲ ರದ್ದು ಎಂದುಬಿಟ್ಟರೆ ಕೋರ್ಟಿನ ತೀರ್ಪುಗಳ ಬುಡವೇ ಅಲ್ಲಾಡುತ್ತಿತ್ತು. ಅಂದು ಜಾರಿಯಲ್ಲಿದ್ದ ಕಾಯ್ದೆಗಳೆಲ್ಲ ಹಾಗೆಯೇ ನಡೆಯಬೇಕು ಎಂದಿತು ಪತ್ರ. ಕೊಟ್ಟ ಹಕ್ಕುಪತ್ರಗಳೂ ಆಗಿದ್ದ ಕಂದಾಯದ ನಿಗದಿಯೂ ಊರ್ಜಿತವಾಗಿ ಉಳಿಯಬೇಕು ಎಂದಿತು. ನೆಲಮಂಗಲದ ಹೊಲವೊಂದರ ಒಡೆಯನಿಗೆ ಅರಮನೆಯ ತೋಪಿನ ಸದ್ದಿಗಿಂತ ಈ ಸಾಲು ದೊಡ್ಡದು. ಅವನ ನೆಲ ಅವನದಾಗಿಯೇ ಉಳಿಯಿತು.

ಆದರೆ ಅದೇ ಪತ್ರ ಆ ಕಾಯ್ದೆಗಳ ಬೀಗದ ಕೈಯನ್ನು ಕಲ್ಕತ್ತೆಯಲ್ಲೇ ಇಟ್ಟುಕೊಂಡಿತು. ಗವರ್ನರ್ ಜನರಲರ ಒಪ್ಪಿಗೆಯಿಲ್ಲದೆ ಮಹಾರಾಜರು ಅವನ್ನು ತಿದ್ದುವಂತಿಲ್ಲ. ನಾಣ್ಯ ಟಂಕಿಸುವಂತಿಲ್ಲ. ಕಪ್ಪ ವರ್ಷಕ್ಕೆ 35 ಲಕ್ಷ ರೂಪಾಯಿಗೆ ಏರಿತು. ಬರದಿಂದ ಸೊರಗಿದ ನಾಡೆಂದು ಏರಿಕೆಯ ವಸೂಲಿಯನ್ನಷ್ಟೇ ಮುಂದಕ್ಕೆ ಹಾಕಿದರು. ಹೊಸ ಕೋಟೆ ಕಟ್ಟುವಂತಿಲ್ಲ, ಇದ್ದುದನ್ನು ದುರಸ್ತಿ ಮಾಡುವಂತಿಲ್ಲ. 1791ರಲ್ಲಿ ಕಾರ್ನ್‌ವಾಲಿಸನ ಸೇನೆಗೆ ಸೋತ ದೇವನಹಳ್ಳಿಯ ಕೋಟೆಯಲ್ಲಿ ಬುರುಜಿನಿಂದೊಂದು ಕಲ್ಲು ಜಾರಿ ಬಿದ್ದರೆ, ಕಾಯ್ದೆಯ ಮಾತಿನಂತೆ, ಅದನ್ನು ಎತ್ತಿ ಕೂರಿಸಲು ರಾಜ್ಯದ ಒಡೆಯನೂ ಅಪ್ಪಣೆ ಬೇಡಬೇಕು. ಮರಳಿ ಬಂದ ರಾಜ್ಯದ ನೋವೆಲ್ಲ ಆ ಒಂದು ಕಲ್ಲಿನಲ್ಲಿದೆ ಎಂದು ನನಗೆ ಅನ್ನಿಸುತ್ತದೆ.

1913ರಲ್ಲಿ ಈ ಪತ್ರದ ಜಾಗಕ್ಕೆ ಒಪ್ಪಂದವೊಂದು ಬಂತು, ಮಹಾರಾಜರ ಮರ್ಯಾದೆ ಒಂದಿಷ್ಟು ಹೆಚ್ಚಿತು. ದಂಡು ಮಾತ್ರ ಬ್ರಿಟಿಷರ ಕೈಯಲ್ಲೇ ಉಳಿಯಿತು; ರೆಸಿಡೆಂಟರ ಕೋರ್ಟೇ ಅಲ್ಲಿಯ ಹೈಕೋರ್ಟು. ಇದರ ಪರಿಣಾಮ ಮನೆಯೊಳಕ್ಕೂ ನುಗ್ಗುವಂಥದ್ದು. 1933ರಲ್ಲಿ ಮೈಸೂರು ಸಂಸ್ಥಾನ ಹಿಂದೂ ಸ್ತ್ರೀಯರ ಹಕ್ಕಿನ ಕಾಯ್ದೆ ತಂದಿತು. ಅವಿಭಕ್ತ ಕುಟುಂಬ ಪಾಲಾಗುವಾಗ ವಿಧವೆಗೂ ಮದುವೆಯಾಗದ ಮಗಳಿಗೂ ಪಾಲು ಸಿಗುವಂತೆ ಮಾಡಿದ, ಇಡೀ ದೇಶವೇ ತಿರುಗಿ ನೋಡಬೇಕಾಗಿದ್ದ ಕಾಯ್ದೆ ಅದು. ಹೊಸಕೋಟೆಯಲ್ಲಿ ಅದಕ್ಕೆ ಬಲವಿತ್ತು; ಹಲಸೂರಿನಲ್ಲಿ ಇರಲಿಲ್ಲ. ಅಕ್ಕತಂಗಿಯರಲ್ಲಿ ಒಬ್ಬಳನ್ನು ಇಲ್ಲಿಗೂ ಒಬ್ಬಳನ್ನು ಅಲ್ಲಿಗೂ ಕೊಟ್ಟಿದ್ದರೆ, ಇಬ್ಬರಿಗೂ ಬಂದ ವೈಧವ್ಯ ಒಂದೇ, ಕಾಯ್ದೆ ಒಂದೇ ಅಲ್ಲ.

ದಂಡು ಮೈಸೂರಿಗೆ ಮರಳಿದ್ದು 1947ರ ಜುಲೈ 26ರಂದು, ಸ್ವಾತಂತ್ರ್ಯಕ್ಕೆ ಮೂರೇ ವಾರ ಉಳಿದಿದ್ದಾಗ. 1881ರ ಪ್ರಶ್ನೆ ಮತ್ತೆ ಎದುರಾಯಿತು. ಸಂಸ್ಥಾನ ಮಧ್ಯಂತರ ಕಾಯ್ದೆ ಮಾಡಿ ಅಲ್ಲಿದ್ದ ಕಾನೂನನ್ನು ಸದ್ಯಕ್ಕೆ ಹಾಗೆಯೇ ಬಿಟ್ಟಿತು. ಆಮೇಲೆ ತನ್ನ ಕಾಯ್ದೆಗಳನ್ನು ಅಲ್ಲಿಗೆ ಹಬ್ಬಿಸಿತು. ಹೀಗೆ ಮಾಡಬೇಕಾದದ್ದು ಮೈಸೂರೊಂದೇ ಅಲ್ಲ. 1961ರಲ್ಲಿ ಕಾಮನ್‌ವೆಲ್ತ್ ಬಿಟ್ಟ ದಕ್ಷಿಣ ಆಫ್ರಿಕಾ 1994ರಲ್ಲಿ ಅದಕ್ಕೆ ಮರಳಿದಾಗ, ಬ್ರಿಟನ್ನಿನ ಪಾರ್ಲಿಮೆಂಟು ತನ್ನ ಕಾಯ್ದೆಗಳನ್ನು ಅದಕ್ಕೆ ತಕ್ಕಂತೆ ತಿದ್ದಲು ಮರುವರ್ಷ ಹೊಸದೊಂದು ಕಾಯ್ದೆಯನ್ನೇ ಮಾಡಬೇಕಾಯಿತು.

ದಂಡು ಸೇರಿದ ಬೆನ್ನಲ್ಲೇ, ಆಗಸ್ಟ್ 9ರಂದು, ಜಯಚಾಮರಾಜ ಒಡೆಯರು ಭಾರತ ಒಕ್ಕೂಟ ಸೇರುವ ಪತ್ರಕ್ಕೆ ಸಹಿ ಹಾಕಿದರು. ಮೊದಲು ಬಿಟ್ಟುಕೊಟ್ಟದ್ದು ರಕ್ಷಣೆ, ವಿದೇಶಾಂಗ, ಸಂಪರ್ಕ, ಈ ಮೂರನ್ನೇ. ಜವಾಬ್ದಾರಿ ಸರ್ಕಾರಕ್ಕಾಗಿ ಜನ ‘ಮೈಸೂರು ಚಲೋ’ ಎಂದು ಬೀದಿಗಿಳಿಯಬೇಕಾಯಿತು. ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ದಿಲ್ಲಿಯ ಸಂವಿಧಾನ ಸಭೆಯಲ್ಲಿ ಮೈಸೂರಿನ ಪರವಾಗಿ ಕುಳಿತವರಲ್ಲಿ ದೊಡ್ಡಬಳ್ಳಾಪುರದ ಟಿ. ಸಿದ್ದಲಿಂಗಯ್ಯನವರೂ ಒಬ್ಬರು. 1938ರಲ್ಲಿ ಶಿವಪುರದ ಧ್ವಜ ಸತ್ಯಾಗ್ರಹದ ಮುಂದಾಳಾಗಿ ನಿಷೇಧಾಜ್ಞೆ ಮುರಿದವರು ಅವರು. ಹತ್ತು ವರ್ಷ ಕಳೆಯುವಷ್ಟರಲ್ಲಿ ದೇಶದ ಮೂಲ ಕಾನೂನನ್ನೇ ಬರೆಯುವ ಸಭೆಯಲ್ಲಿದ್ದರು.

ಭಾರತದ ಸಂವಿಧಾನವೇ ಮೈಸೂರಿನ ಸಂವಿಧಾನವೂ ಆಗುವುದೆಂದು ಮಹಾರಾಜರು 1949ರ ನವೆಂಬರ್ 25ರಂದು ಘೋಷಿಸಿದರು. ಎರಡು ವಾರ ಕಳೆಯುವುದರೊಳಗೆ ಪೇಟೆಯ ಮುನಿಸಿಪಾಲಿಟಿಯೂ ದಂಡಿನ ಮುನಿಸಿಪಾಲಿಟಿಯೂ ಕೂಡಿ ಒಂದೇ ಕಾರ್ಪೊರೇಷನ್ ಆದವು. ಸಂಸ್ಥಾನದ ರೈಲು 1950ರ ಏಪ್ರಿಲ್ 1ರಂದು ಕೇಂದ್ರಕ್ಕೆ ಸೇರಿತು. ಸರಿಯಾಗಿ ಒಂದು ವರ್ಷದ ಮೇಲೆ, 1951ರ ಏಪ್ರಿಲ್ 1ರಂದು, ಕೇಂದ್ರದ ಕಾಯ್ದೆಗಳನ್ನು ಹಳೆಯ ಸಂಸ್ಥಾನಗಳಿಗೆ ಹಬ್ಬಿಸುವ ಕಾಯ್ದೆ ಜಾರಿಗೆ ಬಂತು. ಕೇಂದ್ರದ ಕಾಯ್ದೆಗಳಿಗೆ ಸರಿದೊರೆಯಾಗಿದ್ದ ಮೈಸೂರಿನ ಕಾಯ್ದೆಗಳು ಹಿಂದೆ ಸರಿದವು. ಅವುಗಳಡಿ ದಕ್ಕಿದ ಹಕ್ಕುಗಳಿಗೂ ನಡೆಯುತ್ತಿದ್ದ ದಾವೆಗಳಿಗೂ ಮಾತ್ರ, 1881ರಲ್ಲಿ ಆದಂತೆಯೇ, ಚ್ಯುತಿ ಬರಲಿಲ್ಲ.

1933ರ ಸ್ತ್ರೀಯರ ಕಾಯ್ದೆಯೂ ಅಂದು ಅಳಿಯಲಿಲ್ಲ. 1956ರಲ್ಲಿ ಇಡೀ ದೇಶಕ್ಕೆ ಹಿಂದೂ ಉತ್ತರಾಧಿಕಾರ ಕಾಯ್ದೆ ಬರುವವರೆಗೆ ಪಾಲಿನ ದಾವೆಗಳಲ್ಲಿ ವಕೀಲರು ಅದನ್ನೇ ತೆರೆದು ಓದುತ್ತಿದ್ದರು.