ಒಂದೇ ಶಾಲೆ, ಎರಡು ಪಂಕ್ತಿ



ಒಂದು ಸಮಾಜದ ಅಂತರಂಗವನ್ನು ಅರಿಯಬೇಕಾದರೆ ಅದರ ಶಾಸನಗ್ರಂಥಗಳನ್ನು ಓದಿದರೆ ಸಾಲದು. ಅದರ ಊಟದ ಪಂಕ್ತಿಯನ್ನು ನೋಡಬೇಕು, ಹಬ್ಬದ ಅಂಗಳವನ್ನು ನೋಡಬೇಕು. ಯಾರು ಯಾರ ಪಕ್ಕದಲ್ಲಿ ಕುಳಿತು ಉಣ್ಣುತ್ತಾರೆ, ಯಾರ ಮಕ್ಕಳು ಯಾರ ಮಕ್ಕಳೊಡನೆ ಕೂಡಿ ನಲಿಯುತ್ತಾರೆ ಎಂಬಲ್ಲಿ ಸಮತೆಯ ಮಾತು ಒರೆಗೆ ಹತ್ತುತ್ತದೆ. ಮಠದ ಪ್ರಸಾದನಿಲಯದಲ್ಲಿ ಒಂದೇ ಸಾಲಿನಲ್ಲಿ ಕುಳಿತು ಉಂಡು ಬೆಳೆದ ತಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ಮಾತಿಗೆ ಸಾಕ್ಷಿಯಾಗಿ ದೂರದ ಅಮೆರಿಕದ ದಕ್ಷಿಣ ಭಾಗದಲ್ಲಿರುವ ಕೆಲವು ಸಣ್ಣ ಊರುಗಳ ಪ್ರೌಢಶಾಲೆಗಳ ಇತಿಹಾಸವನ್ನು ಇಲ್ಲಿ ನಿವೇದಿಸಬಯಸುತ್ತೇನೆ. ವಿಷಯವು ಮೇಲುನೋಟಕ್ಕೆ ಅಲ್ಪವಾದುದು: ಶಾಲಾಮಕ್ಕಳ ಒಂದು ಸಂಜೆಯ ನೃತ್ಯಕೂಟ. ಆದರೆ ಆ ಒಂದು ಸಂಜೆಯನ್ನು ಕೂಡಿ ಕಳೆಯುವುದಕ್ಕೆ ಒಂದೂರಿನ ಮಕ್ಕಳು 38 ವರ್ಷ ಕಾಯಬೇಕಾಯಿತು.

ಆ ದೇಶದ ಪ್ರೌಢಶಾಲೆಗಳಲ್ಲಿ ವರ್ಷಕ್ಕೆ ಎರಡು ಸಂಭ್ರಮಗಳು ಮುಖ್ಯವಾದುವು. ಶರತ್ಕಾಲದಲ್ಲಿ ಬರುವುದು 'ಹೋಮ್‌ಕಮಿಂಗ್', ಎಂದರೆ ಹಳೆಯ ವಿದ್ಯಾರ್ಥಿಗಳು ತಮ್ಮ ಶಾಲೆಗೆ ಮರಳಿ ಬರುವ ಉತ್ಸವ. ಆಗ ಫುಟ್‌ಬಾಲ್ ಪಂದ್ಯ, ಮೆರವಣಿಗೆ, ನೃತ್ಯಗಳು ನಡೆಯುತ್ತವೆ. ವಿದ್ಯಾರ್ಥಿಗಳು ಮತ ನೀಡಿ ತಮ್ಮಲ್ಲೊಬ್ಬಳನ್ನು ಉತ್ಸವದ ರಾಣಿಯಾಗಿಯೂ, ಅನೇಕ ಕಡೆ ಒಬ್ಬನನ್ನು ರಾಜನಾಗಿಯೂ ಆರಿಸುತ್ತಾರೆ. ವಸಂತಕಾಲದಲ್ಲಿ ಬರುವುದು 'ಪ್ರಾಮ್'. 19ನೆಯ ಶತಮಾನದ ಕೊನೆಯಲ್ಲಿ ಈಶಾನ್ಯ ಭಾಗದ ಕಾಲೇಜುಗಳಲ್ಲಿ ಹುಟ್ಟಿದ ಈ ಔತಣ-ನೃತ್ಯಕೂಟವು 20ನೆಯ ಶತಮಾನದಲ್ಲಿ ಪ್ರೌಢಶಾಲೆಗಳಿಗೆ ಹರಡಿತು. ಕೊನೆಯ ತರಗತಿಯವರಿಗೆ ಅದು ಶಾಲಾಜೀವನದ ಬೀಳ್ಕೊಡುಗೆ. ಹುಡುಗಿಯರು ನೀಳವಾದ ಹೊಸ ಉಡುಪು ಧರಿಸಿ, ಮಣಿಕಟ್ಟಿಗೆ ಹೂಗೊಂಚಲು ಕಟ್ಟಿಕೊಂಡು ಬರುತ್ತಾರೆ. ಹುಡುಗರು ಎಷ್ಟೋ ವೇಳೆ ಬಾಡಿಗೆಗೆ ತಂದ ಕರಿಯ ಕೋಟು ತೊಡುತ್ತಾರೆ. ತಂದೆತಾಯಿಗಳು ನಿಂತು ಭಾವಚಿತ್ರ ತೆಗೆಯುತ್ತಾರೆ. ಸಣ್ಣ ಊರಿನಲ್ಲಿ ಇದು ನಮ್ಮ ಜಾತ್ರೆಯಂತೆ ಇಡೀ ಊರಿನ ಹಬ್ಬ.

ಈ ಹಬ್ಬ ಒಡೆದುಹೋದ ಬಗೆಯನ್ನು ತಿಳಿಯಲು ಕೊಂಚ ಹಿಂದಕ್ಕೆ ಹೋಗಬೇಕು. ದಕ್ಷಿಣದ ರಾಜ್ಯಗಳಲ್ಲಿ ಬಿಳಿಯರ ಮಕ್ಕಳಿಗೂ ಕಪ್ಪು ಜನರ ಮಕ್ಕಳಿಗೂ ಬೇರೆಬೇರೆ ಶಾಲೆಗಳಿರಬೇಕೆಂಬುದು ಕಾನೂನೇ ಆಗಿತ್ತು. 1954ರ ಮೇ 17ರಂದು ಮುಖ್ಯ ನ್ಯಾಯಾಧೀಶ ಅರ್ಲ್ ವಾರನ್ನರ ನೇತೃತ್ವದ ಸರ್ವೋಚ್ಚ ನ್ಯಾಯಾಲಯವು, 9 ನ್ಯಾಯಾಧೀಶರ ಒಮ್ಮತದಿಂದ, ಶಾಲೆಗಳಲ್ಲಿನ ಈ ಭೇದವು ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪಿತ್ತಿತು. ಆದರೂ ದಕ್ಷಿಣದ ಆಡಳಿತಗಾರರು ನಾನಾ ನೆಪಗಳಿಂದ 15 ವರ್ಷ ಕಾಲ ತಳ್ಳಿದರು. 1969ರ ಅಕ್ಟೋಬರಿನಲ್ಲಿ ಮಿಸಿಸಿಪ್ಪಿ ರಾಜ್ಯದ ಮೊಕದ್ದಮೆಯೊಂದರಲ್ಲಿ ಅದೇ ನ್ಯಾಯಾಲಯವು, ಇನ್ನು ವಿಳಂಬ ಸಲ್ಲದು, ಎರಡು ಬಗೆಯ ಶಾಲೆಗಳನ್ನು ತಕ್ಷಣವೇ ಕೊನೆಗಾಣಿಸಬೇಕು ಎಂದು ಆಜ್ಞಾಪಿಸಿತು. 1970ರಲ್ಲಿ ಬಾಗಿಲು ತೆರೆಯಿತು.

ವಾಚಕರೇ, ಇಲ್ಲಿಂದ ಮುಂದಿನದನ್ನು ತಾವು ಗಮನವಿಟ್ಟು ನೋಡಬೇಕು. ನ್ಯಾಯಾಲಯದ ಆಜ್ಞೆಯು ತರಗತಿಯ ಒಳಗೆ ನಡೆಯಿತು. ಗಣಿತದ ಪಾಠಕ್ಕೆ, ಆಟದ ಬಯಲಿಗೆ ಮಕ್ಕಳು ಕೂಡಿಯೇ ಬಂದರು. ಆದರೆ ನೃತ್ಯಕೂಟದ ಮಾತು ಬಂದಾಗ ಅನೇಕ ಊರುಗಳ ಶಾಲಾಮಂಡಲಿಗಳು ಅದನ್ನು ನಡೆಸುವ ಹೊಣೆಯನ್ನೇ ಕೈಬಿಟ್ಟವು. ಬಿಳಿಯ ಮಕ್ಕಳ ತಂದೆತಾಯಿಗಳು ಹಣ ಕೂಡಿಸಿ, ಊರಿನ ಸಭಾಭವನವನ್ನು ಬಾಡಿಗೆಗೆ ಹಿಡಿದು, ತಮ್ಮ ಮಕ್ಕಳಿಗೆ ಮಾತ್ರ ಔತಣವೇರ್ಪಡಿಸಿದರು. ಹೊರಗುಳಿದ ಕಪ್ಪು ಮಕ್ಕಳಿಗೆ ಅವರ ಹಿರಿಯರು ಬೇರೊಂದು ಕೂಟ ನಡೆಸಿದರು. ಇದು ಶಾಲೆಯ ಕಾರ್ಯವಲ್ಲ, ಮನೆಯವರ ಖಾಸಗಿ ಔತಣ ಎಂದಮೇಲೆ ನ್ಯಾಯಾಲಯದ ಕೈ ಅಲ್ಲಿಗೆ ಮುಟ್ಟಲಿಲ್ಲ.

ಸ್ಪರ್ಧೆಗಳಲ್ಲಿಯೂ ಇದೇ ಗತಿ. ಕೆಲವು ಶಾಲೆಗಳಲ್ಲಿ ಹೋಮ್‌ಕಮಿಂಗಿಗೆ ಬಿಳಿಯ ರಾಣಿಯೊಬ್ಬಳು, ಕಪ್ಪು ರಾಣಿಯೊಬ್ಬಳು ಎಂದು ಇಬ್ಬರನ್ನು ಆರಿಸುತ್ತಿದ್ದರು. ಮಿಸಿಸಿಪ್ಪಿಯ ನೆಟಲ್‌ಟನ್ ಎಂಬ ಊರಿನ ಮಾಧ್ಯಮಿಕ ಶಾಲೆಯಲ್ಲಿ ವಿದ್ಯಾರ್ಥಿ ಅಧ್ಯಕ್ಷ, ಉಪಾಧ್ಯಕ್ಷ ಮೊದಲಾದ ಸ್ಥಾನಗಳನ್ನು ವರ್ಣಾನುಸಾರ ಹಂಚಿಡುವ ಪದ್ಧತಿ 2010ರವರೆಗೂ ಉಳಿದಿತ್ತು. ತಾಯಿಯೊಬ್ಬಳು ಪ್ರಶ್ನಿಸಿ ಸುದ್ದಿಯಾದ ಬಳಿಕ ಅದನ್ನು ರದ್ದುಗೊಳಿಸಿದರು. ಎರಡು ಪಕ್ಷಕ್ಕೂ ಪಾಲು ಸಿಗಲೆಂಬ ಸದುದ್ದೇಶದ ಸಮರ್ಥನೆ ಇಂಥ ಪದ್ಧತಿಗಳಿಗೆ ಇಲ್ಲದಿರಲಿಲ್ಲ. ಆದರೆ ಮಗುವಿನ ಗುಣಕ್ಕಿಂತ ಮೊದಲು ಅದರ ಚರ್ಮವನ್ನು ನೋಡುವ ಅಭ್ಯಾಸವನ್ನು ಶಾಲೆಯೇ ಕಲಿಸಿದಂತಾಯಿತು.

ಮಿಸಿಸಿಪ್ಪಿಯ ಟಲ್ಲಹಾಚಿ ಜಿಲ್ಲೆಯ ಚಾರ್ಲ್ಸ್‌ಟನ್ ಸುಮಾರು 2,000 ಜನರ ಊರು. ಇದೇ ಜಿಲ್ಲೆಯ ಸಮ್ನರ್ ಪಟ್ಟಣದ ನ್ಯಾಯಾಲಯದಲ್ಲಿ 1955ರಲ್ಲಿ, ಎಮೆಟ್ ಟಿಲ್ ಎಂಬ 14 ವರ್ಷದ ಕಪ್ಪು ಬಾಲಕನನ್ನು ಕೊಂದ ಆರೋಪಿಗಳನ್ನು ಬಿಳಿಯರಷ್ಟೇ ಇದ್ದ ಪಂಚಾಯತರ ಮಂಡಲಿಯು ಸುಮಾರು ಒಂದು ಗಂಟೆಯಲ್ಲಿ ನಿರ್ದೋಷಿಗಳೆಂದು ಬಿಟ್ಟುಬಿಟ್ಟಿತ್ತು. ಅಂಥ ನೆಲದಲ್ಲಿ ಬಾಲ್ಯವನ್ನು ಕಳೆದ ಪ್ರಸಿದ್ಧ ನಟ ಮಾರ್ಗನ್ ಫ್ರೀಮನ್ನರು 1997ರಲ್ಲಿ, ಮಕ್ಕಳೆಲ್ಲರಿಗೂ ಒಂದೇ ಪ್ರಾಮ್ ನಡೆಸುವುದಾದರೆ ಖರ್ಚು ನನ್ನದು ಎಂದರು. ಊರು ಮೌನವಾಗಿ ಉಳಿಯಿತು. 11 ವರ್ಷಗಳ ನಂತರ, 2008ರಲ್ಲಿ, ಅವರು ಮತ್ತೆ ಅದೇ ಮಾತನ್ನು ಮುಂದಿಟ್ಟರು. ಈ ಬಾರಿ ಶಾಲೆ ಒಪ್ಪಿತು. ಆ ವರ್ಷದ ಏಪ್ರಿಲ್‌ನಲ್ಲಿ ಚಾರ್ಲ್ಸ್‌ಟನ್ನಿನ ಕಪ್ಪು ಬಿಳಿಯ ಮಕ್ಕಳು ಮೊದಲ ಬಾರಿಗೆ ಒಂದೇ ಛಾವಣಿಯಡಿ ಕೂಡಿದರು. ಆದರೂ ಕೆಲವು ಬಿಳಿಯ ಪಾಲಕರು ಬೇರೆಯ ಕೂಟವನ್ನು ನಡೆಸದೆ ಬಿಡಲಿಲ್ಲ. 1965ರಲ್ಲಿ ಇದೇ ರಾಜ್ಯದಲ್ಲಿ ನಾಗರಿಕ ಹಕ್ಕುಗಳಿಗಾಗಿ ದುಡಿದಿದ್ದ ಕೆನಡದ ಪಾಲ್ ಸಾಲ್ಟ್‌ಜ್‌ಮನ್ ಎಂಬವರು ಈ ಸಂಗತಿಯನ್ನು ಚಿತ್ರೀಕರಿಸಿ 2009ರಲ್ಲಿ ಲೋಕದ ಮುಂದಿಟ್ಟರು.

ಚಾರ್ಲ್ಸ್‌ಟನ್ನಿಗೆ ಕೀರ್ತಿವಂತನೊಬ್ಬನ ನೆರವಿತ್ತು. ಜಾರ್ಜಿಯ ರಾಜ್ಯದ ವಿಲ್ಕಾಕ್ಸ್ ಜಿಲ್ಲೆಯಲ್ಲಿ ಮಕ್ಕಳೇ ಮುಂದಾದರು. ಅಲ್ಲಿನ ಪ್ರೌಢಶಾಲೆಯು 2012-13ರ ಸಾಲಿನಲ್ಲಿ ವರ್ಣಕ್ಕೊಂದರಂತೆ ರಾಜರಾಣಿಯರನ್ನು ಆರಿಸುವುದನ್ನು ಬಿಟ್ಟು ಒಂದೇ ಚುನಾವಣೆ ನಡೆಸಿತು. ಕಪ್ಪು ಬಾಲಿಕೆಯೊಬ್ಬಳು ರಾಣಿಯಾದಳು, ಬಿಳಿಯ ಬಾಲಕನೊಬ್ಬನು ರಾಜನಾದನು. ಆದರೆ ನೃತ್ಯಕೂಟಗಳು ಮಾತ್ರ ಎರಡಾಗಿಯೇ ಉಳಿದುದರಿಂದ, ಮತದಿಂದ ಕಿರೀಟ ಪಡೆದ ಆ ರಾಣಿಗೆ ಬಿಳಿಯರ ಕೂಟದಲ್ಲಿ ಪ್ರವೇಶವಿರಲಿಲ್ಲ! ಆಗ ಆಕೆಯೂ ಸೇರಿದಂತೆ ನಾಲ್ವರು ಗೆಳತಿಯರು, ಇಬ್ಬರು ಕಪ್ಪು, ಇಬ್ಬರು ಬಿಳಿಯರು, ಒಂದಾದರು. ಊಟದ ಪೊಟ್ಟಣಗಳನ್ನು ಮಾರಿ, ದಾನ ಬೇಡಿ ಹಣ ಕೂಡಿಸಿದರು. 2013ರ ಏಪ್ರಿಲ್ 27ರಂದು ಸಮೀಪದ ಕಾರ್ಡೀಲ್ ಪಟ್ಟಣದಲ್ಲಿ ಎಲ್ಲರಿಗೂ ತೆರೆದ ಕೂಟ ನಡೆಯಿತು. ಮರುವರ್ಷ ಶಾಲೆಯೇ ತನ್ನ ಹೊಣೆಯಲ್ಲಿ ಪ್ರಾಮ್ ನಡೆಸಿತು. ಹಿರಿಯರು ನಾಲ್ಕು ದಶಕ ಮುಟ್ಟದೆ ಬಿಟ್ಟ ಕೆಲಸವನ್ನು ಹದಿನೇಳು ಹದಿನೆಂಟರ ಹರೆಯದ ಮಕ್ಕಳು ಒಂದು ವರ್ಷದಲ್ಲಿ ಮಾಡಿ ತೋರಿಸಿದರು.

ಹಿರಿಯರ ಹೃದಯದಲ್ಲಿದ್ದ ಅಂಜಿಕೆಯಾದರೂ ಏನು? ಗಣಿತದ ತರಗತಿಯಲ್ಲಿ ಕಾಣದ ಅಪಾಯ ಅವರಿಗೆ ನೃತ್ಯದ ಅಂಗಳದಲ್ಲಿ ಏಕೆ ಕಂಡಿತು? ಕೂಡಿ ಕುಣಿದವರು ನಾಳೆ ಕೂಡಿ ಬಾಳಲೂ ಬಯಸಿಯಾರು ಎಂಬುದೇ ಆ ಅಂಜಿಕೆ. 1967ರಲ್ಲಿ ಸರ್ವೋಚ್ಚ ನ್ಯಾಯಾಲಯವು ರದ್ದುಗೊಳಿಸುವವರೆಗೆ 16 ರಾಜ್ಯಗಳಲ್ಲಿ ಕಪ್ಪು ಬಿಳಿಯರ ವಿವಾಹವೇ ಕಾನೂನುಬಾಹಿರವಾಗಿತ್ತು. ಕಾನೂನು ಹೋಯಿತು, ಅದು ಬಿಟ್ಟುಹೋದ ಭಯವು ನೃತ್ಯಶಾಲೆಯ ಬಾಗಿಲಲ್ಲಿ ಕಾವಲು ನಿಂತಿತು.

ಈ ಭಯದ ಪರಿಚಯ ನಮಗಿಲ್ಲವೇ? 12ನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಕೂಡಿ ಅನುಭಾವ ನಡೆಸಿದರು, ಕೂಡಿ ಪ್ರಸಾದ ಸ್ವೀಕರಿಸಿದರು. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಕುಲದಿಂದ ಬಂದ ಮಧುವರಸರ ಮಗಳಿಗೂ ವಿವಾಹವಾದಾಗ ಅರಸೊತ್ತಿಗೆ ಸಹಿಸಲಿಲ್ಲ; ಆ ತಂದೆಯರಿಬ್ಬರೂ ಪ್ರಾಣವನ್ನೇ ತೆತ್ತರೆಂದು ನಮ್ಮ ಪರಂಪರೆ ಸಾರುತ್ತದೆ. ನಾವು ಆ ಹುತಾತ್ಮರ ಹೆಸರನ್ನು ಭಕ್ತಿಯಿಂದ ಸ್ಮರಿಸುತ್ತೇವೆ. ಆದರೆ ಪ್ರಸಾದನಿಲಯದಲ್ಲಿ ಜಾತಿ ಕೇಳದೆ ಪಕ್ಕದವನೊಡನೆ ರೊಟ್ಟಿ ಹಂಚಿಕೊಂಡ ನಾವೇ, ಮನೆಯಲ್ಲಿ ಕನ್ಯೆಯ ಮಾತು ಬಂದಾಗ ಒಳಪಂಗಡದ ಲೆಕ್ಕ ತೆಗೆಯುವುದಿಲ್ಲವೇ? ಊರ ಹಬ್ಬದಲ್ಲಿ ಯಾವ ಕೇರಿಯವರು ಯಾವ ಪಂಕ್ತಿಯಲ್ಲಿ ಕುಳಿತರೆಂದು ಕಂಡೂ ಕಾಣದಂತಿರುವುದಿಲ್ಲವೇ? ಅಸ್ಪೃಶ್ಯತೆಯನ್ನು ನಮ್ಮ ಸಂವಿಧಾನವು 1950ರಲ್ಲಿಯೇ ನಿಷೇಧಿಸಿತು. ಆದರೆ ಶಾಸನವು ಬಾಗಿಲು ತೆರೆಯಬಲ್ಲುದೇ ಹೊರತು ಪಕ್ಕದಲ್ಲಿ ಎಲೆ ಹಾಕಿ ಕೂರಿಸಲಾರದು.

ಆದುದರಿಂದ ಚಾರ್ಲ್ಸ್‌ಟನ್ನಿನ ಕಥೆಯನ್ನು ಓದಿ ಪರದೇಶದವರನ್ನು ನಿಂದಿಸಿ ಸುಮ್ಮನಾಗುವುದು ನಮಗೆ ಶೋಭಿಸದು. ಮಠದ ಅನ್ನವನ್ನುಂಡು ಹೊರಬಂದವರು ಆ ಪಂಕ್ತಿಯನ್ನು ಮಠದಲ್ಲಿಯೇ ಬಿಟ್ಟು ಬರಬಾರದು. ಅದನ್ನು ತಮ್ಮ ಮನೆಯ ಪಡಸಾಲೆಯವರೆಗೆ ಹಾಸಬೇಕು. ನಮ್ಮ ಮಕ್ಕಳು ಯಾರನ್ನು ಗೆಳೆಯರೆಂದು ಮನೆಗೆ ಕರೆತರುತ್ತಾರೋ ಅವರಿಗೆ ಒಳಗಿನ ಮಣೆ ಸಿಗಲಿ. ಆ ನಾಲ್ವರು ಬಾಲಿಕೆಯರಂತೆ ನಮ್ಮ ಮಕ್ಕಳು ಕೂಡಹೊರಟಾಗ ನಾವು ಬಾಗಿಲಲ್ಲಿ ಅಡ್ಡ ನಿಲ್ಲದಿರೋಣ. ಶರಣರ ಋಣವನ್ನು ತೀರಿಸುವ ದಾರಿ ಇದಕ್ಕಿಂತ ಬೇರೆಯಿಲ್ಲ.